ಜಪಾನ್ ಬೇಸ್‌ಬಾಲ್‌ನ ಆನ್-ಡಿಮಾಂಡ್ ಕಾರ್ಡ್‌ಗಳು: ಯಾವುದನ್ನು ಕೂಡಿಡಬೇಕು, ಯಾವುದನ್ನು ಬಿಡಬೇಕು?

ಮರೀನ್_ಗಾಳಿ

ಎಲ್ಲರಿಗೂ ನಮಸ್ಕಾರ. ಜಪಾನ್‌ನಲ್ಲಿ ನೆಲೆಸಿ ಬೇಸ್‌ಬಾಲ್ ಹಚ್ಚಿಕೊಂಡವರು, ಊರಲ್ಲೇ ಕೂತು ಮೊಬೈಲ್‌ನಲ್ಲಿ ಪಂದ್ಯ ನೋಡುವವರು, ಇಬ್ಬರೂ ಇಲ್ಲಿದ್ದೀರಿ. ಕಾರ್ಡ್ ಕೂಡಿಡುವವರೂ ಕೆಲವರಿದ್ದೀರಿ. ನಿಮ್ಮ ಜೊತೆ ಒಂದು ವಿಷಯ ಮಾತಾಡಬೇಕಿತ್ತು.

ಆನ್-ಡಿಮಾಂಡ್ ಕಾರ್ಡ್ ಅಂದರೇನು ಅಂತ ಹೊಸಬರಿಗೆ ಮೊದಲು ಹೇಳಿಬಿಡುತ್ತೇನೆ. ಮಾಮೂಲಿ ಕಾರ್ಡನ್ನು ಕಂಪನಿ ಮೊದಲೇ ಅಚ್ಚು ಹಾಕಿ, ಪ್ಯಾಕ್ ಮಾಡಿ ಅಂಗಡಿಗೆ ಕಳಿಸುತ್ತದೆ. ಪ್ಯಾಕ್ ಒಡೆಯುವವರೆಗೆ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ. ಆನ್-ಡಿಮಾಂಡ್‌ನಲ್ಲಿ ಪಂದ್ಯ ಮೊದಲು, ಕಾರ್ಡ್ ಆಮೇಲೆ. ಆಟ ಮುಗಿದ ಮೇಲೆ ಆ ದಿನ ಮಿಂಚಿದವನ ಫೋಟೋ ಹಾಕಿ ವೆಬ್‌ಸೈಟ್‌ನಲ್ಲಿ ಮಾರಾಟಕ್ಕಿಡುತ್ತಾರೆ. ಆರ್ಡರ್ ಮಾಡಲು ಸ್ವಲ್ಪವೇ ಸಮಯ. ಗಡುವಿನೊಳಗೆ ಎಷ್ಟು ಆರ್ಡರ್ ಬಂತೋ ಅಷ್ಟೇ ಅಚ್ಚು. ಎಷ್ಟು ಅಚ್ಚಾಯಿತು ಅಂತ ಆಮೇಲೆ ತಿಳಿಸುತ್ತಾರೆ ಕೂಡ.

ಅಮೆರಿಕದಲ್ಲಿ ಟಾಪ್ಸ್ ಕಂಪನಿ 2016ರಲ್ಲಿ 'ಟಾಪ್ಸ್ ನೌ' ಹೆಸರಲ್ಲಿ ಇದನ್ನು ಶುರು ಮಾಡಿತು. ಶುರುವಿನಲ್ಲಿ ಅಲ್ಲಿ ಗಡುವು 24 ಗಂಟೆ ಇತ್ತು. ಜಪಾನ್‌ನ ವೃತ್ತಿಪರ ಬೇಸ್‌ಬಾಲ್ ಲೀಗ್ ಎನ್‌ಪಿಬಿಯ ಆಟಗಾರರಿಗೆ ಈ ಬಗೆಯ ಕಾರ್ಡ್ ಮಾಡುವುದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಎಪಾಕ್ ಕಂಪನಿಯ 'ಎಪಾಕ್ ವನ್'.

ಈಗ ನನ್ನ ಮಾತಿಗೆ ಬರುತ್ತೇನೆ. ಈ ಕಾರ್ಡ್‌ಗಳನ್ನು ಆಟಗಾರನ ಲೆಕ್ಕದಲ್ಲೋ ನಂಬರ್ ಲೆಕ್ಕದಲ್ಲೋ ಕೂಡಿಡಲು ಹೋದರೆ ದುಡ್ಡೂ ಹೋಗುತ್ತದೆ, ಸಂತೋಷವೂ ಸಿಗುವುದಿಲ್ಲ. ಇವನ್ನು ದಿನದ ಲೆಕ್ಕದಲ್ಲಿ ಕೂಡಿಡಬೇಕು. 2022ರ ಏಪ್ರಿಲ್ 10 ತೆಗೆದುಕೊಳ್ಳಿ. ಚಿಬಾದ ಜೊಜೊ ಮರೀನ್ ಮೈದಾನ, ಎದುರಾಳಿ ಓರಿಕ್ಸ್. ಲೋಟೆ ತಂಡದ ಪಿಚರ್, ಅಂದರೆ ಚೆಂಡು ಎಸೆಯುವ ಸಾಸಾಕಿ ರೋಕಿಗೆ ಆಗ 20 ವರ್ಷ. 27 ಬ್ಯಾಟರ್‌ಗಳು ಬಂದರು, 27 ಜನರೂ ಔಟ್. ಒಬ್ಬನೂ ಬೇಸ್ ಮುಟ್ಟಲಿಲ್ಲ. ಇದಕ್ಕೇ ಪರ್ಫೆಕ್ಟ್ ಗೇಮ್ ಅನ್ನುವುದು. 19 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್), ಅದರಲ್ಲಿ 13 ಒಂದರ ಹಿಂದೆ ಒಂದು. ಜಪಾನ್‌ನಲ್ಲಿ ಪರ್ಫೆಕ್ಟ್ ಗೇಮ್ ಆಗಿ 28 ವರ್ಷ ಕಳೆದಿತ್ತು. ಹಿಂದಿನದು 1994ರಲ್ಲಿ ಮಾಕಿಹಾರಾ ಹಿರೋಮಿ ಎಸೆದದ್ದು. ಸಾಸಾಕಿಯ ಚೆಂಡು ಹಿಡಿದ ಕ್ಯಾಚರ್ ಮತ್ಸುಕಾವಾ ಕೋ ಆಗಷ್ಟೇ ಹೈಸ್ಕೂಲ್ ಮುಗಿಸಿ ಬಂದಿದ್ದ 18ರ ಹುಡುಗ.

ಸಾಸಾಕಿಯ ಕಾರ್ಡ್ ಎಷ್ಟೋ ಇವೆ. ಆದರೆ ಆ ಮಧ್ಯಾಹ್ನವನ್ನು ಹಿಡಿದಿಡಲು ಹುಟ್ಟಿದ ಕಾರ್ಡ್ ಬೇರೆಯೇ ತೂಕದ್ದು. ನೀವೇನಂತೀರಿ?

ಪುಟ_ತುಂಬಬೇಕು

ನಾನು ಒಪ್ಪುವುದಿಲ್ಲ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸೆಟ್ ಕೂಡಿಸುವವನು. ಬೇಸ್‌ಬಾಲ್ ಮ್ಯಾಗಜೀನ್ ಶಾ, ಅಂದರೆ ನಾವು ಬಿಬಿಎಂ ಅನ್ನುವ ಕಂಪನಿ, 1991ರಿಂದ ಪ್ರತಿ ವರ್ಷ ಸೆಟ್ ತರುತ್ತಿದೆ. ವರ್ಷದ ಶುರುವಿನಲ್ಲಿ ಹೊಸ ಹುಡುಗರ ರೂಕಿ ಎಡಿಷನ್. ಸೀಸನ್ ಶುರುವಾಗುವ ಹೊತ್ತಿಗೆ ಫಸ್ಟ್ ವರ್ಷನ್. ಬೇಸಿಗೆಯಲ್ಲಿ ಸೆಕೆಂಡ್ ವರ್ಷನ್. ಕೊನೆಗೆ ಫ್ಯೂಷನ್. ಅದಲ್ಲದೆ 12 ತಂಡಗಳಿಗೂ ಬೇರೆ ಬೇರೆ ಸೆಟ್. ಪಂದ್ಯಕ್ಕೆ ಮುಂಚೆ ಮೊದಲ ಚೆಂಡು ಎಸೆಯಲು ಬರುವ ನಟಿಯರು, ಗಾಯಕರು ಇವರಿಗೂ ಬಿಬಿಎಂನಲ್ಲಿ ಕಾರ್ಡ್ ಉಂಟು. ಒಂಬತ್ತು ಜೇಬಿನ ಪುಟಗಳಲ್ಲಿ ಇವನ್ನೆಲ್ಲ ಜೋಡಿಸಿದರೆ ಆ ವರ್ಷದ ಇಡೀ ಲೀಗ್ ಕಣ್ಣ ಮುಂದೆ ಇರುತ್ತದೆ. ಸ್ಟಾರ್ ಬ್ಯಾಟರ್‌ಗೂ ಒಂದೇ ಜೇಬು, ಅವನ ತಂಡದ ಎರಡನೇ ಕ್ಯಾಚರ್‌ಗೂ ಒಂದೇ ಜೇಬು. ಸೆಟ್‌ನಲ್ಲಿ ನನಗೆ ತುಂಬಾ ಇಷ್ಟವಾಗುವ ಗುಣ ಇದು.

ಆನ್-ಡಿಮಾಂಡ್‌ನಲ್ಲಿ ಯಾವ ದಿನ ನೆನಪಿಡಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ? ನೀವಲ್ಲ, ನಾನಲ್ಲ. ಕಂಪನಿ. ಯಾವುದು ಮಾರಾಟವಾಗುತ್ತದೋ ಅದರ ಕಾರ್ಡ್ ಬರುತ್ತದೆ. ಜನಪ್ರಿಯ ತಂಡ, ಚೆಂದದ ಮುಖ, ದೊಡ್ಡ ದಾಖಲೆ. ಏಳನೇ ಇನಿಂಗ್ಸ್‌ನಲ್ಲಿ ಬಂದು ಎರಡು ಔಟ್ ತೆಗೆದು, ಮಾತಾಡದೆ ಬೆಂಚಿಗೆ ವಾಪಸ್ ಹೋಗುವ ಪಿಚರ್‌ನ ದಿನ ಯಾವಾಗ ಬರುತ್ತದೆ?

ಇನ್ನೊಂದು ಮಾತು. ಸೆಟ್‌ಗೆ ಕೊನೆ ಅಂತ ಇದೆ. ಕೊನೆಯ ಜೇಬು ತುಂಬಿದಾಗ ಮುಗಿಯಿತು. ಆನ್-ಡಿಮಾಂಡ್‌ಗೆ ಕೊನೆಯೇ ಇಲ್ಲ. ಸೀಸನ್ ಪೂರ್ತಿ ಗಡುವು ನೋಡುತ್ತಾ ಕೂರಬೇಕು. ಪ್ಯಾಕ್ ಒಡೆದು, ಡಬಲ್ ಬಂದಿದ್ದನ್ನು ಗೆಳೆಯನಿಗೆ ಕೊಟ್ಟು, ಇಲ್ಲದ್ದನ್ನು ಇಸಕೊಳ್ಳುವ ಸುಖವೂ ಇಲ್ಲ.

ಜಿಂಗು_ಛತ್ರಿ

ಟೋಕಿಯೋದ ಸ್ವಾಲೋಸ್ ತಂಡದ ಕಡೆಯಿಂದ ಎಲ್ಲರಿಗೂ ನಮಸ್ಕಾರ!

ಗಡುವಿನ ಮಾತು ಬಂತಲ್ಲ, ಅದಕ್ಕೆ 2022ರ ನಮ್ಮ ಬ್ಯಾಟರ್ ಮುರಾಕಾಮಿ ಮುನೆತಾಕಾಗಿಂತ ಒಳ್ಳೆ ಉದಾಹರಣೆ ಇಲ್ಲ. ಜುಲೈ 31ರಂದು ಕೋಶಿಯೆನ್ ಮೈದಾನದಲ್ಲಿ ಮೂರು ಹೋಮ್ ರನ್. ಆಗಸ್ಟ್ 2ರಂದು ನಮ್ಮ ಜಿಂಗು ಮೈದಾನದಲ್ಲಿ ಮೊದಲೆರಡು ಸರದಿಯಲ್ಲೂ ಹೋಮ್ ರನ್. ಸತತ ಐದು ಸರದಿಯಲ್ಲಿ ಐದು. ಆಮೇಲೆ ಇಡೀ ದೇಶವೇ ಲೆಕ್ಕ ಹಾಕಲು ಶುರು ಮಾಡಿತು. ಸೆಪ್ಟೆಂಬರ್ 13ರಂದು 54, 55 ಎರಡೂ ಒಂದೇ ರಾತ್ರಿ. ಓ ಸದಾಹಾರು 1964ರಲ್ಲಿ ಹೊಡೆದ 55ಕ್ಕೆ ಸಮ.

ಅಲ್ಲಿಂದ ಬ್ಯಾಟ್ ಮೌನ. ದಿನ ಕಳೆಯಿತು, ವಾರ ಕಳೆಯಿತು, ಸೆಪ್ಟೆಂಬರ್ ಮುಗಿಯಿತು. ಕೊನೆಗೆ ಅಕ್ಟೋಬರ್ 3, ಸೀಸನ್‌ನ ಕೊನೆಯ ಪಂದ್ಯ, ಅವನ ಕೊನೆಯ ಸರದಿ. 56! ನಮ್ಮ ಅಭಿಮಾನಿಗಳ ಛತ್ರಿಗಳೆಲ್ಲ ಒಟ್ಟಿಗೆ ಮೇಲಕ್ಕೆ ಹೋದವು. 22ನೇ ವಯಸ್ಸಿಗೆ ತ್ರಿವಳಿ ಕಿರೀಟ (ಬ್ಯಾಟಿಂಗ್ ಸರಾಸರಿ, ಹೋಮ್ ರನ್, ತಂಡಕ್ಕೆ ತಂದುಕೊಟ್ಟ ರನ್, ಮೂರರಲ್ಲೂ ಮೊದಲ ಸ್ಥಾನ), ಅಷ್ಟು ಚಿಕ್ಕ ವಯಸ್ಸಿನಲ್ಲಿ ಇನ್ನಾರಿಗೂ ಸಿಕ್ಕಿಲ್ಲ.

ಈಗ ನೋಡಿ. ಆ ವರ್ಷ ಅವನ ಪ್ರತಿಯೊಂದು ಮೈಲಿಗಲ್ಲಿಗೂ ಕಾರ್ಡ್ ಕೊಳ್ಳುತ್ತಾ ಹೋಗಿದ್ದರೆ ಏನಾಗುತ್ತಿತ್ತು? 30, 40, 50, ಐದು ಸತತ, 55, 56, ಕಿರೀಟ. ಅಷ್ಟೂ ಒಬ್ಬನದೇ ಮುಖ. ಇದೇ ಕಾರಣಕ್ಕೆ ನಾನು ಮರೀನ್ ಅವರ ಮಾತು ಒಪ್ಪುತ್ತೇನೆ. ಆಟಗಾರನ ಬೆನ್ನು ಹತ್ತಿದರೆ ತಡೆಯೇ ಇಲ್ಲ. 'ಅಕ್ಟೋಬರ್ 3 ಒಂದೇ ಸಾಕು' ಅಂದುಕೊಂಡರೆ ಒಂದೇ ಕಾರ್ಡ್ ಇಡೀ ಕತೆ ಹೇಳುತ್ತದೆ.

ಹೊಸಬರಿಗೆ ಒಂದು ಮಾತು: 56 ಅನ್ನೋದು ಜಪಾನ್‌ನಲ್ಲಿ ಹುಟ್ಟಿದ ಆಟಗಾರರ ದಾಖಲೆ. ಲೀಗ್ ದಾಖಲೆ 60. ಅದೂ ನಮ್ಮ ಸ್ವಾಲೋಸ್‌ನ ಬ್ಯಾಲೆಂಟೀನ್ 2013ರಲ್ಲಿ ಹೊಡೆದದ್ದು.

ಹಳೇ_ಮೆಂಕೋ

ನಾನು ಟೋಕಿಯೋಗೆ ಬಂದು ತುಂಬಾ ವರ್ಷವಾಯಿತು. ಜಿಂಬೋಚೋದ ಹಳೇ ಪುಸ್ತಕದಂಗಡಿಗಳ ಸಾಲಿನಲ್ಲಿ ಬೇಸ್‌ಬಾಲ್ ಕಾಗದ ಹುಡುಕುವುದೇ ನನ್ನ ರಜೆಯ ಕೆಲಸ. ಹಾಗಾಗಿ ಹಳೇ ಕಾಲದ ನಾಲ್ಕು ಮಾತು ಸೇರಿಸುತ್ತೇನೆ.

ಯುದ್ಧ ಮುಗಿದ ಮೇಲೆ ಇಲ್ಲಿನ ಮಕ್ಕಳ ಕೈಗೆ ಬೇಸ್‌ಬಾಲ್ ಬಂದಿದ್ದು ಮೆಂಕೋ ರೂಪದಲ್ಲಿ. ದಪ್ಪ ರಟ್ಟಿನ ಚೂರು, ಒಂದು ಕಡೆ ಆಟಗಾರನ ಚಿತ್ರ. ಒಬ್ಬನ ಮೆಂಕೋ ನೆಲದ ಮೇಲೆ, ಇನ್ನೊಬ್ಬ ತನ್ನದನ್ನು ಪಕ್ಕದಲ್ಲಿ ಬಲವಾಗಿ ಬಡಿದು ಅದನ್ನು ಮಗುಚಬೇಕು. ಮಗುಚಿದರೆ ಅದು ಅವನದು. ಎಷ್ಟೋ ಮೆಂಕೋಗಳ ಹಿಂಬದಿಯಲ್ಲಿ ಕಲ್ಲು-ಕತ್ತರಿ-ಕಾಗದದ ಗುರುತು ಇರುತ್ತದೆ. ಹಾಗೂ ಆಡಬಹುದಿತ್ತು. ನಮ್ಮ ಕಡೆ 1987ರ ವಿಶ್ವಕಪ್ ಹೊತ್ತಿನಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಚಿತ್ರ ಬರುತ್ತಿತ್ತಲ್ಲ, ರನ್ ಕೂಡಿಸುತ್ತಿದ್ದೆವಲ್ಲ, ಆ ವಯಸ್ಸಿನ ಹುಚ್ಚು ಇದು.

ಆಮೇಲೆ ಕ್ಯಾಲ್ಬಿ. 1970ರ ದಶಕದ ಮೊದಲಿಗೆ ಆ ತಿಂಡಿ ಕಂಪನಿ ಟಿವಿ ಹೀರೋ ಕಾಮೆನ್ ರೈಡರ್ ಚಿತ್ರದ ಕಾರ್ಡ್ ಜೊತೆ ತಿಂಡಿ ಮಾರಿತು. ಮಕ್ಕಳು ಕಾರ್ಡ್ ಇಟ್ಟುಕೊಂಡು ತಿಂಡಿ ಬಿಸಾಡುತ್ತಿದ್ದರು, ಅದು ಊರೆಲ್ಲಾ ದೊಡ್ಡ ಗಲಾಟೆಯೇ ಆಯಿತು. 1973ರಲ್ಲಿ ಬೇಸ್‌ಬಾಲ್ ಕಾರ್ಡ್ ಬಂತು. ಮೊದಲ ನಂಬರಿನ ಕಾರ್ಡ್ ಜಯಂಟ್ಸ್ ತಂಡದ ನಾಗಾಶಿಮಾ ಶಿಗೆಯೊ ಅವರದು. ಆ ಮಹಾನುಭಾವರು 2025ರ ಜೂನ್ 3ರಂದು ತೀರಿಕೊಂಡರು. ಚಿಪ್ಸ್ ಪೊಟ್ಟಣದ ಬೆನ್ನಿಗೆ ಕಾರ್ಡ್ ಅಂಟಿಸಿ ಮಾರುವ ರೂಢಿ ಈಗಲೂ ಇದೆ.

ಎಪಾಕ್ ಬಗ್ಗೆಯೂ ಒಂದು ವಿಷಯ. ಅದು ಮೂಲದಲ್ಲಿ ಆಟಿಕೆ ಕಂಪನಿ. 1958ರಲ್ಲಿ ಹುಟ್ಟಿದ್ದೇ ಬೇಸ್‌ಬಾಲ್ ಬೋರ್ಡ್ ಆಟ ಮಾರಲು. ಸಣ್ಣ ಗುಂಡು ಉರುಳಿಸಿ, ಸ್ಪ್ರಿಂಗ್ ಬ್ಯಾಟಿನಿಂದ ಹೊಡೆಯುವ ಆ ಹಲಗೆ ಇಲ್ಲಿನ ಅಜ್ಜಂದಿರಿಗೆಲ್ಲ ಗೊತ್ತು. ಮೊಲ, ಅಳಿಲುಗಳ ಸಿಲ್ವೇನಿಯನ್ ಫ್ಯಾಮಿಲೀಸ್ ಬೊಂಬೆಗಳೂ ಅವರವೇ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, 'ಅಪರೂಪ' ಅನ್ನೋದು ಈಗ ಬೇರೆಯಾಗಿದೆ. ಮೆಂಕೋ ಅಪರೂಪ, ಯಾಕೆಂದರೆ ಮಕ್ಕಳು ಅದನ್ನು ಬಡಿದು ಬಡಿದು ಹಾಳು ಮಾಡಿದರು. ಹಳೇ ಕ್ಯಾಲ್ಬಿ ಅಪರೂಪ, ಯಾಕೆಂದರೆ ಅಮ್ಮಂದಿರು ಕಸಕ್ಕೆ ಹಾಕಿದರು. ಸಾವಿರ ಅಚ್ಚಾಗಿದ್ದರೆ ಉಳಿದದ್ದು ಬೆರಳೆಣಿಕೆ. ಆನ್-ಡಿಮಾಂಡ್ ಕಾರ್ಡ್ 300 ಅಚ್ಚಾದರೆ 300ಕ್ಕೆ 300 ಉಳಿಯುತ್ತದೆ. ಕೊಂಡವರೆಲ್ಲ ದೊಡ್ಡವರು. ಎಲ್ಲರೂ ಮೊದಲ ದಿನವೇ ಕವರ್‌ಗೆ ಹಾಕುತ್ತಾರೆ. ಅಷ್ಟೇ ಅಲ್ಲ, ಬೇಕು ಅನಿಸಿದ ಪ್ರತಿಯೊಬ್ಬನಿಗೂ ಗಡುವಿನೊಳಗೆ ಕೊಳ್ಳುವ ಅವಕಾಶ ಇತ್ತು. ಹಾಗಿದ್ದಾಗ ನಾಳೆ ಜಾಸ್ತಿ ಬೆಲೆ ಕೊಡುವವನು ಎಲ್ಲಿಂದ ಬರಬೇಕು? ಕಡಿಮೆ ಅಚ್ಚು ಅಂದಮಾತ್ರಕ್ಕೆ ಬೆಲೆ ಏರುತ್ತದೆ ಅಂತ ನಂಬಿ ಯಾರೂ ಹತ್ತಿಪ್ಪತ್ತು ಕೊಳ್ಳಬೇಡಿ. ಇದನ್ನು ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ಬಸವನಗುಡಿ_ಬ್ಯಾಟರ್

ಹಳೇ ಮೆಂಕೋ ಸರ್, ನಿಮ್ಮ ಬರಹ ಓದಿ ತುಂಬಾ ಖುಷಿಯಾಯಿತು.

ನಾನು ಬೆಂಗಳೂರಲ್ಲಿ ಇರುವುದು. 2023ರ ಡಬ್ಲ್ಯೂಬಿಸಿ (ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್) ಫೈನಲ್‌ನಲ್ಲಿ ಜಪಾನ್‌ನ ಒಹ್ತಾನಿ ಅಮೆರಿಕದ ಟ್ರೌಟ್‌ನನ್ನು ಸ್ಟ್ರೈಕ್‌ಔಟ್ ಮಾಡಿದ್ದು ನೋಡಿದಾಗಿನಿಂದ ಈ ಆಟ ಹಿಡಿಸಿತು. ಅಲ್ಲಿಂದ ಎನ್‌ಪಿಬಿ ನೋಡುವ ಅಭ್ಯಾಸ ಬಂತು. ಚಿಕ್ಕವನಿದ್ದಾಗ ಟಾಪ್ಸ್‌ನ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡ್ ಕೂಡಿಟ್ಟಿದ್ದೆ, ಹಾಗಾಗಿ ಕಾರ್ಡ್ ಹುಚ್ಚು ಹೊಸದಲ್ಲ.

ಎರಡು ಪ್ರಶ್ನೆ. ಇಲ್ಲಿಂದ ಇವನ್ನು ಕೊಳ್ಳುವುದು ಹೇಗೆ? ಜಪಾನೀ ಓದಲು ಬರದವನು ಹುಡುಕುವುದು ಹೇಗೆ?

ಮರೀನ್_ಗಾಳಿ

ಬ್ಯಾಟರ್ ಅವರೇ, ಎರಡು ದಾರಿ ಇವೆ.

ಮೊದಲನೆಯದು ಗಡುವಿನೊಳಗೆ ನೇರವಾಗಿ ಆರ್ಡರ್ ಮಾಡುವುದು. ಇಲ್ಲಿನ ಇಂಥ ಅಂಗಡಿಗಳು ಸಾಮಾನ್ಯವಾಗಿ ಜಪಾನ್ ಒಳಗಿನ ವಿಳಾಸ ಕೇಳುತ್ತವೆ. ಆದ್ದರಿಂದ ಪ್ಯಾಕೆಟ್ ಪಡೆದು ಮುಂದಕ್ಕೆ ಕಳಿಸುವ ಕಂಪನಿಯ ವಿಳಾಸ ಬೇಕು. ಟೆನ್ಸೋ ಅಂಥದ್ದು. ನಿಮ್ಮ ಪರವಾಗಿ ಅವರೇ ಕೊಂಡು ಕಳಿಸುವುದಾದರೆ ಜೆನ್‌ಮಾರ್ಕೆಟ್ ತರಹದವು ಇವೆ. ಆದರೆ ಅವರು ಆರ್ಡರ್ ಕೈಗೆತ್ತಿಕೊಳ್ಳಲು ಸಮಯ ತೆಗೆದುಕೊಳ್ಳುತ್ತಾರೆ. ಅದಕ್ಕೇ ಕೊನೆ ಗಳಿಗೆಯವರೆಗೆ ಕಾಯಬೇಡಿ. ಸಮಯದ ಲೆಕ್ಕ ನೆನಪಿರಲಿ: ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ಸಂಜೆ ಆರಕ್ಕೆ ಶುರುವಾಗುವ ಪಂದ್ಯ ನಿಮಗೆ ಮಧ್ಯಾಹ್ನ ಎರಡೂವರೆಗೆ. ಇಲ್ಲಿ ನಡುರಾತ್ರಿ 12ಕ್ಕೆ ಗಡುವು ಅಂದರೆ ನಿಮಗೆ ರಾತ್ರಿ ಎಂಟೂವರೆಗೇ ಮುಗಿಯಿತು.

ಎರಡನೆಯದು, ಆಮೇಲೆ ಬೇರೆಯವರಿಂದ ಕೊಳ್ಳುವುದು. ಯಾಹೂ ಆಕ್ಷನ್ ಮತ್ತು ಮೆರ್ಕಾರಿ, ಇವೆರಡರಲ್ಲೇ ಬಹುಪಾಲು ಕಾರ್ಡ್ ಕೈ ಬದಲಾಗುತ್ತವೆ. ಬೈಯಿ ಅನ್ನುವ ಸೈಟ್ ಮೂಲಕ ಹೊರದೇಶದವರು ಅಲ್ಲಿಂದ ತರಿಸಿಕೊಳ್ಳಬಹುದು. ಹುಡುಕುವುದು ಸುಲಭ. ಎನ್‌ಪಿಬಿಯ ಅಧಿಕೃತ ತಾಣದಲ್ಲಿ ಇಂಗ್ಲಿಷ್ ಪುಟವೂ ಇದೆ, ಜಪಾನೀ ಪುಟವೂ ಇದೆ. ಅಲ್ಲಿ ಆಟಗಾರನ ಹೆಸರನ್ನು ಕಾಂಜಿಯಲ್ಲಿ, ಅಂದರೆ ಜಪಾನೀ ಲಿಪಿಯಲ್ಲಿ ಇರುವ ಹಾಗೇ ಕಾಪಿ ಮಾಡಿ, ಪಕ್ಕದಲ್ಲಿ ವರ್ಷ ಮತ್ತು ಎಪಾಕ್ ವನ್ ಅಂತ ಹಾಕಿ. ಫೋಟೋ ನೋಡಿದರೆ ಉಳಿದದ್ದು ತಾನೇ ಗೊತ್ತಾಗುತ್ತದೆ.

ಖರ್ಚಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಾರ್ಡ್ ಬೆಲೆ ಕಡಿಮೆಯೇ ಇರಬಹುದು. ಮಧ್ಯವರ್ತಿಯ ಶುಲ್ಕ, ಜಪಾನ್ ಒಳಗಿನ ಅಂಚೆ, ಹೊರದೇಶದ ಅಂಚೆ, ಮೇಲೆ ನಮ್ಮ ಕಸ್ಟಮ್ಸ್ ಸುಂಕ. ಎಲ್ಲ ಸೇರಿದರೆ ಕಾರ್ಡ್‌ಗಿಂತ ಕಾಗದದ ಡಬ್ಬಿ ತರಿಸಲು ಜಾಸ್ತಿ ಆಗುತ್ತದೆ. ಒಂದೊಂದೇ ತರಿಸಬೇಡಿ. ಅವರ ಗೋದಾಮಿನಲ್ಲಿ ಕೆಲವು ಸೇರುವವರೆಗೆ ಇಡಿಸಿ, ಒಟ್ಟಿಗೆ ಕಳಿಸಲು ಹೇಳಿ. ಎಷ್ಟು ದಿನ ಪುಕ್ಕಟೆ ಇಟ್ಟುಕೊಳ್ಳುತ್ತಾರೆ ಅಂತ ಮೊದಲೇ ಓದಿಕೊಳ್ಳಿ.

ಇನ್ನು ಪುಟ ತುಂಬಬೇಕು ಅವರಿಗೆ. ಯಾವ ದಿನ ಅಂತ ಕಂಪನಿ ತೀರ್ಮಾನಿಸುತ್ತದೆ ಅನ್ನುವ ಮಾತು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸೆಟ್‌ನಲ್ಲೂ ತೂತುಗಳಿವೆ. ಒಂದು ತಂಡದ ಮುಖ್ಯ ಪಟ್ಟಿಯಲ್ಲಿ 70 ಜನರಿಗೆ ಮಾತ್ರ ಜಾಗ. ಅದರ ಹೊರಗೆ ಇಕುಸೇ ಅನ್ನುವ ತರಬೇತಿ ಹುಡುಗರಿರುತ್ತಾರೆ, ಬೆನ್ನ ಮೇಲೆ ಮೂರಂಕಿಯ ನಂಬರ್ ಹೊತ್ತುಕೊಂಡು. ಸಾಫ್ಟ್‌ಬ್ಯಾಂಕ್‌ನ ಸೆಂಗಾ ಕೋದಾಯ್ ಹಾಗೇ ಬಂದವನು. 2010ರಲ್ಲಿ ಇಕುಸೇ ಆಗಿ ಆಯ್ಕೆಯಾದ, 2019ರ ಸೆಪ್ಟೆಂಬರ್ 6ರಂದು ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದ, ಮುಂದೆ ನ್ಯೂಯಾರ್ಕ್ ಮೆಟ್ಸ್‌ಗೆ ಹೋದ. ಇಂಥ ಹುಡುಗನನ್ನು ಜುಲೈ ತಿಂಗಳಲ್ಲಿ ಮೇಲಿನ ಪಟ್ಟಿಗೆ ಸೇರಿಸಿದರು, ಆಗಸ್ಟ್‌ನಲ್ಲಿ ಮೊದಲ ಗೆಲುವು ಬಂತು ಅಂದುಕೊಳ್ಳಿ. ಏಪ್ರಿಲ್ ಸೆಟ್ ಅಚ್ಚಾಗಿ ಯಾವ ಕಾಲವೋ ಆಗಿರುತ್ತದೆ. ಅವನ ಆ ರಾತ್ರಿಯನ್ನು ಬಿಸಿ ಆರುವ ಮೊದಲೇ ಹಿಡಿಯುವ ಶಕ್ತಿ ಇರುವುದು ಆನ್-ಡಿಮಾಂಡ್‌ಗೆ ಮಾತ್ರ.

ಕೋಶಿಯೆನ್_ಅಕ್ಕ

ಹಾನ್ಶಿನ್ ಮನೆಗೆ ಸೊಸೆಯಾಗಿ ಬಂದಿಲ್ಲ, ಆದರೆ ಹಾನ್ಶಿನ್ ಊರಿಗೆ ಬಂದು ಸೇರಿದವಳು ನಾನು. ಇಲ್ಲಿ ಅಕ್ಕಪಕ್ಕದವರೆಲ್ಲ ಹಾನ್ಶಿನ್ ಟೈಗರ್ಸ್ ತಂಡದ ಅಭಿಮಾನಿಗಳು.

2023ರ ನವೆಂಬರ್ 5 ನೆನೆಸಿಕೊಳ್ಳಿ. ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಜಪಾನ್ ಸೀರೀಸ್‌ನ ಏಳನೇ ಪಂದ್ಯ. ಎದುರಾಳಿ ಓರಿಕ್ಸ್, ಅಂದರೆ ಎರಡೂ ಕಾನ್ಸಾಯ್ (ಒಸಾಕಾ ಸುತ್ತಲಿನ ಪ್ರದೇಶ) ತಂಡಗಳೇ. 1985ರಲ್ಲಿ ಗೆದ್ದಿದ್ದು ಬಿಟ್ಟರೆ ಹಾನ್ಶಿನ್‌ಗೆ ಸೀರೀಸ್ ಒಲಿದೇ ಇರಲಿಲ್ಲ. 38 ವರ್ಷ! ನೋಯ್ಸಿ ಮೂರು ರನ್‌ಗಳ ಹೋಮ್ ರನ್ ಹೊಡೆದ, 7-1ಕ್ಕೆ ಪಂದ್ಯ ಮುಗಿಯಿತು. ವಯಸ್ಸಾದವರು ರಸ್ತೆಯಲ್ಲಿ ನಿಂತು ಅತ್ತರು. ಇಂಥ ದಿನದ ಕಾರ್ಡ್‌ಗೆ ಆರ್ಡರ್ ಹರಿದುಬರುತ್ತದೆ. ಬರಲೇಬೇಕು. ಅದು ಎಲ್ಲರ ದಿನ. ಅಂಥ ಕಾರ್ಡ್ ಅಪರೂಪ ಆಗಬೇಕು ಅಂತ ನನಗೆ ಆಸೆಯೂ ಇಲ್ಲ.

ಆದರೆ ನನ್ನ ಮನಸ್ಸಲ್ಲಿ ಉಳಿದಿರುವುದು ನಾಲ್ಕು ದಿನ ಮುಂಚಿನ ಪಂದ್ಯ. ನವೆಂಬರ್ 1, ಕೋಶಿಯೆನ್, ನಾಲ್ಕನೇ ಪಂದ್ಯ. ಸ್ಕೋರ್ ಸಮ, ಎಂಟನೇ ಇನಿಂಗ್ಸ್, ಎರಡು ಔಟ್, ಎದುರಾಳಿಯ ಓಟಗಾರರು ಒಂದು ಮತ್ತು ಮೂರನೇ ಬೇಸ್‌ನಲ್ಲಿ. ಒಂದು ತಪ್ಪಾದರೆ ಸೀರೀಸ್ ಕೈ ಬಿಟ್ಟಂತೆ. ಆಗ ಯುಆಸಾ ಅತ್ಸುಕಿಯ ಹೆಸರು ಕೂಗಿದರು. ಗಾಯದಿಂದ ತಿಂಗಳುಗಟ್ಟಲೆ ಮುಖ್ಯ ತಂಡದಲ್ಲಿ ಕಾಣಿಸಿಯೇ ಇರಲಿಲ್ಲ ಆ ಹುಡುಗ. ಮೈದಾನ ಎದ್ದು ನಿಂತಿತು. ಒಂದೇ ಎಸೆತ. ಚೆಂಡು ಮೇಲಕ್ಕೆ ಹೋಯಿತು, ಸೆಕೆಂಡ್ ಬೇಸ್‌ಮನ್ ಕೈಗೆ ಬಿತ್ತು. ಮೂರನೇ ಔಟ್. ಒಂಬತ್ತರಲ್ಲಿ ಓಯಾಮಾ ಗೆಲುವಿನ ಹೊಡೆತ ಹೊಡೆದ, 4-3.

ಅಂಕಿಅಂಶದ ಪಟ್ಟಿಯಲ್ಲಿ ಆ ಎಸೆತ ಇನಿಂಗ್ಸ್‌ನ ಮೂರನೇ ಒಂದು ಭಾಗ, ಅಷ್ಟೇ. ವರ್ಷದ ಸೆಟ್‌ನಲ್ಲಿ ಅವನಿಗೆ ಮಾಮೂಲಿ ಕಾರ್ಡ್ ಇರುತ್ತದೆ, ಹಿಂದೆ ಅಷ್ಟೇನೂ ಚೆನ್ನಾಗಿಲ್ಲದ ಅಂಕಿಗಳು. ಆ ಸೀರೀಸ್ ಬಗ್ಗೆ ಇಲ್ಲಿ ಯಾರನ್ನೇ ಕೇಳಿ, ಯುಆಸಾನ ಒಂದು ಎಸೆತದ ಮಾತು ಬಂದೇ ಬರುತ್ತದೆ. ಏಳನೇ ಇನಿಂಗ್ಸ್‌ನಲ್ಲಿ ಬಂದು ಹೋಗುವವನ ದಿನ ಯಾವಾಗ ಅಂತ ಕೇಳಿದಿರಲ್ಲ, ಅದು ಹೀಗೆ ಬರುತ್ತದೆ.

ಹಾಗಂತ ಕಣ್ಣು ಮುಚ್ಚಿ ಕೊಳ್ಳಿ ಅಂತಲ್ಲ. ನಾನು ಪಾಲಿಸುವ ನಿಯಮ ಒಂದೇ: ಪಂದ್ಯ ಮುಗಿದ ರಾತ್ರಿ ಆರ್ಡರ್ ಮಾಡುವುದಿಲ್ಲ. ಬೆಳಿಗ್ಗೆ ಎದ್ದು ಕೆಲಸ ಮುಗಿಸಿದ ಮೇಲೂ ಆ ಆಟವೇ ತಲೆಯಲ್ಲಿ ಓಡುತ್ತಿದ್ದರೆ ಕೊಳ್ಳುತ್ತೇನೆ. ಗೆಲುವಿನ ಅಮಲಿನಲ್ಲಿ ಕೊಂಡದ್ದು ತಿಂಗಳು ಕಳೆದ ಮೇಲೆ ಮೆರ್ಕಾರಿಯಲ್ಲಿ ಅರ್ಧ ಬೆಲೆಗೆ ಕೂತಿರುವುದನ್ನು ಎಷ್ಟು ಜನರದು ನೋಡಿಲ್ಲ.

ಪುಟ_ತುಂಬಬೇಕು

ಅಕ್ಕ, ಯುಆಸಾ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಚೆನ್ನಾಗಿ ಹೇಳಿದಿರಿ.

ಆದರೂ ಒಂದು ಕೊರಗು ಉಳಿಯುತ್ತದೆ. ಟಾಪ್ಸ್ ನೌನಲ್ಲಿ ಇಷ್ಟರಲ್ಲಿ ಇದು ಇಷ್ಟನೆಯದು ಅಂತ ನಂಬರ್ ಹಾಕಿದ ಬಣ್ಣದ ಕಾರ್ಡ್‌ಗಳು, ಸಹಿ ಹಾಕಿದ ಕಾರ್ಡ್‌ಗಳು ಕೂಡ ಬರುತ್ತವೆ. ಇನ್ನೂ ಜಾಸ್ತಿ ಕೊಂಡರೆ ಒಂದೊಂದರ ಬೆಲೆ ಕಡಿಮೆ. ಈ ಆಸೆ ತೋರಿಸಿದಾಗ ಜನ ದಿನವನ್ನು ಮರೆತು ನಂಬರ್ ಹಿಂದೆ ಹೋಗುತ್ತಾರೆ. ಮರೀನ್ ಅವರು ಹೇಳುವ 'ದಿನದ ಲೆಕ್ಕ' ಆಗ ಎಲ್ಲಿ ಉಳಿಯಿತು? 2021ರಿಂದ ಟಾಪ್ಸ್ ಎನ್‌ಪಿಬಿ ಕಾರ್ಡ್‌ಗಳನ್ನೂ ತರುತ್ತಿದೆ. ಒಂದೇ ಆಟಗಾರನಿಗೆ ಒಂದೇ ವರ್ಷದಲ್ಲಿ ಬಿಬಿಎಂ, ಎಪಾಕ್, ಕ್ಯಾಲ್ಬಿ, ಟಾಪ್ಸ್. ಇದರ ಮೇಲೆ ಆನ್-ಡಿಮಾಂಡ್ ಬೇರೆ. ಸಂಬಳದಲ್ಲಿ ಬದುಕುವವನಿಗೆ ಇದು ಭಾರ.

ಜಿಂಗು_ಛತ್ರಿ

ಭಾರ ಹೌದು. ಆದರೆ ಜನ ದಿನವನ್ನು ಮರೆಯುತ್ತಾರೆ ಅನ್ನುವುದಕ್ಕೆ ನನ್ನ ತಕರಾರಿದೆ. ಟಾಪ್ಸ್ ನೌ ಬಂದ ಮೊದಲ ವರ್ಷವೇ, 2016ರ ಮೇ 7ರಂದು, ಮೆಟ್ಸ್‌ನ ಪಿಚರ್ ಬಾರ್ತೊಲೊ ಕೊಲೊನ್ ತನ್ನ ಜೀವನದ ಮೊದಲ ಹೋಮ್ ರನ್ ಹೊಡೆದ. ಆಗ ಅವನಿಗೆ 42 ವರ್ಷ, ಇನ್ನೇನು 43 ತುಂಬುವುದರಲ್ಲಿತ್ತು. ಬ್ಯಾಟಿಂಗ್ ಅಂದರೆ ಅವನಿಗೆ ಅಷ್ಟಕ್ಕಷ್ಟೆ. ಆ ಕಾರ್ಡ್ 8,826 ಮಾರಾಟವಾಯಿತು. ಅದರಿಂದ ದುಡ್ಡಾಗುತ್ತದೆ ಅಂತ ಯಾರಾದರೂ ಕೊಂಡರಾ? ಇಲ್ಲ. ಆ ಹೋಮ್ ರನ್ ನೋಡಿ ಸಂತೋಷಪಟ್ಟವರು ಕೊಂಡರು. ಆ 8,826 ಅನ್ನುವ ಅಂಕಿಯನ್ನೇ ನಾನು ಆ ಕಾರ್ಡ್‌ನ ಚೆಂದದ ಭಾಗ ಅಂತ ತಿಳಿಯುತ್ತೇನೆ. ಅಷ್ಟು ಜನಕ್ಕೆ ಅದು ಬೇಕಿತ್ತು.

ಹಳೇ_ಮೆಂಕೋ

ಛತ್ರಿ ಹೇಳಿದ್ದು ಸರಿ. ಮೆಂಕೋ ಎಷ್ಟು ಅಚ್ಚಾಯಿತು ಅಂತ ಎಲ್ಲೂ ದಾಖಲೆ ಸಿಗುವುದಿಲ್ಲ. ಇಲ್ಲಿ ಒಂದೊಂದು ದಿನವನ್ನು ಎಷ್ಟು ಜನ ಬಯಸಿದರು ಅಂತ ಕಾರ್ಡ್ ಜೊತೆಗೇ ಲೆಕ್ಕ ಉಳಿಯುತ್ತಿದೆ. 50 ವರ್ಷ ಆದ ಮೇಲೆ ಬರುವವರಿಗೆ ಇದು ಒಳ್ಳೆ ದಾಖಲೆ.

ಆನ್-ಡಿಮಾಂಡ್‌ನ ಇನ್ನೊಬ್ಬ ನೆಂಟನೂ ಇದ್ದಾನೆ, ಯಾರೂ ಹೇಳಲಿಲ್ಲ. ಇಲ್ಲಿನ ಕಾಂಬಿನಿ, ಅಂದರೆ ದಿನಬಳಕೆಯ ಸಣ್ಣ ಅಂಗಡಿಗಳಲ್ಲಿ ಜೆರಾಕ್ಸ್ ಮಾಡುವ ದೊಡ್ಡ ಯಂತ್ರ ಇರುತ್ತದಲ್ಲ, ಅದರಲ್ಲಿ ಆಟಗಾರರ ಫೋಟೋ ಆರಿಸಿ, ನಾಣ್ಯ ಹಾಕಿ, ನಿಂತಲ್ಲೇ ಪ್ರಿಂಟ್ ತೆಗೆಯಬಹುದು. ಬ್ರೊಮೈಡ್ ಅನ್ನುತ್ತಾರೆ. ಗಟ್ಟಿ ಕಾರ್ಡ್ ಅಲ್ಲ, ಫೋಟೋ ಕಾಗದ. ಬಜೆಟ್ ಇಲ್ಲದ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತೇನೆ.

ಕರಾವಳಿ_ಕಾಗದ

ಮಂಗಳೂರಿನಿಂದ. ಕೊಳ್ಳುವ ಮಾತೇ ನಡೆಯುತ್ತಿದೆ, ಕಾಪಾಡುವ ಮಾತು ಯಾರೂ ಎತ್ತಲಿಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಹೊಳಪಿನ ಕಾರ್ಡ್‌ಗಳು ಈ ತೇವಕ್ಕೆ ಬಿಲ್ಲಿನಂತೆ ಬಾಗುತ್ತವೆ. ಒಂದರ ಮೇಲೊಂದು ಬರಿದೇ ಇಟ್ಟರೆ ಅಂಟಿಕೊಳ್ಳುತ್ತವೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ.

ಕಾರ್ಡ್ ಬಂದ ತಕ್ಷಣ ಮೊದಲು ತೆಳು ಸ್ಲೀವ್, ಆಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವರ್. ಪಿವಿಸಿ ಇಲ್ಲದ ಪ್ಲಾಸ್ಟಿಕ್ ನೋಡಿ ಕೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಪೊಟ್ಟಣವನ್ನು ಆಗಾಗ ಬದಲಾಯಿಸಿ. ಡಬ್ಬಿ ಹೊರಗೋಡೆಗೆ ತಾಗದಂತಿರಲಿ. ನುಸಿಗುಳಿಗೆ ಮಾತ್ರ ಬೇಡವೇ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಕೆಡಿಸುತ್ತದೆ. ಜಪಾನ್‌ನಲ್ಲೂ ಮಳೆಗಾಲ ಇದೆ ತಾನೇ, ಅಲ್ಲಿರುವವರಿಗೂ ಇದೇ ಮಾತು.

ಮರೀನ್_ಗಾಳಿ

ಕರಾವಳಿ ಅವರಿಗೆ ತುಂಬಾ ಥ್ಯಾಂಕ್ಸ್. ಇಲ್ಲಿ ತ್ಸುಯು ಮಳೆ ಶುರುವಾದರೆ ನಮ್ಮದೂ ಅದೇ ಪಾಡು.

ನಾನು ಇನ್ನೊಂದು ಕೆಲಸ ಮಾಡುತ್ತೇನೆ, ನಿಮಗೂ ಹೇಳುತ್ತೇನೆ. ಪ್ರತಿ ಕಾರ್ಡ್ ಹಿಂದೆ ಅದೇ ಅಳತೆಯ ಒಂದು ಚೀಟಿ. ಅದರಲ್ಲಿ ದಿನ, ಮೈದಾನ, ಎದುರಾಳಿ, ಸ್ಕೋರ್, ಎಲ್ಲಿ ಕೂತು ನೋಡಿದೆ, ಪಕ್ಕದಲ್ಲಿ ಯಾರಿದ್ದರು. ಮೊದಲೆಲ್ಲ ಟಿಕೆಟ್ ಚೂರು ಇಟ್ಟುಕೊಳ್ಳುತ್ತಿದ್ದೆವು. ಈಗ ಮೊಬೈಲ್‌ನಲ್ಲಿ ಕ್ಯೂಆರ್ ತೋರಿಸಿ ಒಳಗೆ ಹೋಗುವುದೇ ಹೆಚ್ಚು, ಕೈಯಲ್ಲಿ ಏನೂ ಉಳಿಯುವುದಿಲ್ಲ. ಆ ಜಾಗವನ್ನು ಈ ಕಾರ್ಡ್ ತುಂಬುತ್ತದೆ.

ಪುಟ ತುಂಬಬೇಕು ಅವರು ಭಾರ ಅಂದರಲ್ಲ, ಅದಕ್ಕೂ ದಿನದ ಲೆಕ್ಕವೇ ಮದ್ದು. ನೀವು ನೋಡಿದ ಪಂದ್ಯ, ನಿಮಗೆ ಮುಖ್ಯವಾದ ಪಂದ್ಯ, ಅಷ್ಟೇ. ವರ್ಷಕ್ಕೆ ಒಂದು ಕೈಯ ಬೆರಳಿಗಿಂತ ಜಾಸ್ತಿ ಆಗುವುದಿಲ್ಲ. ಸಾಸಾಕಿ ಪರ್ಫೆಕ್ಟ್ ಗೇಮ್ ಆದ ಮುಂದಿನ ವಾರ, ಏಪ್ರಿಲ್ 17ರಂದು, ನಿಪ್ಪಾನ್-ಹ್ಯಾಮ್ ಎದುರು ಮತ್ತೆ ಎಂಟು ಇನಿಂಗ್ಸ್ ಒಬ್ಬನನ್ನೂ ಬೇಸ್‌ಗೆ ಬಿಡಲಿಲ್ಲ. ತೋಳಿಗೆ ತೊಂದರೆ ಆಗಬಾರದು ಅಂತ ಮ್ಯಾನೇಜರ್ ಅವನನ್ನು ಹೊರಗೆ ಕರೆದರು. ತಂಡ ಹತ್ತನೇ ಇನಿಂಗ್ಸ್‌ನಲ್ಲಿ 1-0ಗೆ ಸೋತಿತು. ದಾಖಲೆ ಪುಸ್ತಕದಲ್ಲಿ ಆ ದಿನಕ್ಕೆ ಹೆಸರೇ ಇಲ್ಲ. ಒಂದು ವಾರದ ಅಂತರದಲ್ಲಿ ಸತತ 17 ಇನಿಂಗ್ಸ್ ಪರ್ಫೆಕ್ಟ್ ಎಸೆದ ಹುಡುಗನನ್ನು ನೋಡಿದವರಿಗೆ ಮಾತ್ರ ಅದು ಏನು ಅಂತ ಗೊತ್ತು.

ಪುಟ_ತುಂಬಬೇಕು

ಸೆಟ್ ಬಿಡುವುದಿಲ್ಲ, ಅದು ಖಂಡಿತ. ಆದರೆ ವಿದಾಯದ ಪಂದ್ಯಗಳಿಗೆ ಒಂದು ಪುಟ ಮೀಸಲಿಡಬಹುದು ಅನಿಸುತ್ತಿದೆ. 2021ರ ಅಕ್ಟೋಬರ್ 19ರಂದು ಪಿಚರ್ ಮತ್ಸುಜಾಕಾ ಕೊನೆಯ ಬಾರಿಗೆ ಸೇಯ್ಬು ತಂಡದ ಜೆರ್ಸಿಯಲ್ಲಿ, 18ನೇ ನಂಬರ್ ಹಾಕಿಕೊಂಡು ಬಂದ. ಒಬ್ಬನೇ ಬ್ಯಾಟರ್‌ಗೆ ಎಸೆದ. ಒಂದು ಕಾಲದಲ್ಲಿ 150 ಕಿಲೋಮೀಟರ್ ದಾಟುತ್ತಿದ್ದ ಚೆಂಡು 118ಕ್ಕೆ ಇಳಿದಿತ್ತು. ವಾಕ್ ಕೊಟ್ಟು, ಅಂದರೆ ಬ್ಯಾಟರ್‌ನನ್ನು ಪುಕ್ಕಟೆ ಮೊದಲ ಬೇಸ್‌ಗೆ ಬಿಟ್ಟು ಹೊರಗೆ ಹೋದ. ಸೆಟ್‌ನ ಪ್ರಕಾರ ಆ ವರ್ಷ ಅವನು ಬರೀ ಒಂದು ಹೆಸರು. ಆ ಪಂದ್ಯ ಬೇರೆ. ಅಂಥವಕ್ಕೆ ಒಂಬತ್ತು ಜೇಬು ಸಾಕು, ಹತ್ತನೆಯದು ಬಂದರೆ ಒಂದನ್ನು ತೆಗೆಯುತ್ತೇನೆ.

ಬಸವನಗುಡಿ_ಬ್ಯಾಟರ್

ಎಲ್ಲರ ಮಾತು ಓದಿ ನನ್ನ ಮೊದಲ ದಿನ ಯಾವುದು ಅಂತ ಗೊತ್ತಾಯಿತು. 2024ರ ನವೆಂಬರ್ 3. ಎನ್‌ಪಿಬಿಯ ಎರಡು ವಿಭಾಗಗಳಲ್ಲಿ ಒಂದಾದ ಸೆಂಟ್ರಲ್ ಲೀಗ್‌ನಲ್ಲಿ ಮೂರನೇ ಸ್ಥಾನದಲ್ಲಿದ್ದ ಡಿಎನ್‌ಎ ಬೇಸ್ಟಾರ್ಸ್ ಸಾಫ್ಟ್‌ಬ್ಯಾಂಕ್‌ನಂಥ ತಂಡವನ್ನು ಸೋಲಿಸಿ ಸೀರೀಸ್ ಗೆದ್ದ ದಿನ. ಆರನೇ ಪಂದ್ಯ, 11-2. 1998ರ ನಂತರ ಮೊದಲ ಬಾರಿ. ಅಮೆರಿಕದಿಂದ ವಾಪಸ್ ಬಂದಿದ್ದ ತ್ಸುತ್ಸುಗೊ ಹೋಮ್ ರನ್ ಹೊಡೆದಾಗ ನಾನು ಆಫೀಸ್ ಲ್ಯಾಪ್‌ಟಾಪ್ ಮುಚ್ಚಿಟ್ಟು ಕೂಗಿದ್ದೆ. ಸೀರೀಸ್‌ನ ಶ್ರೇಷ್ಠ ಆಟಗಾರ ಕುವಾಹಾರಾ ಮಾಸಾಯುಕಿಯ ಕಾರ್ಡ್ ಹುಡುಕಬೇಕು. ಮೆರ್ಕಾರಿಯಲ್ಲೇ ನೋಡಲಾ, ಅಥವಾ ಅಂಗಡಿಯಲ್ಲಿ ಸಿಗುತ್ತಾ?

ಹಳೇ_ಮೆಂಕೋ

ಮೆರ್ಕಾರಿಯಲ್ಲಿ ನೋಡುತ್ತಿರಿ, ಕೊಳ್ಳಲು ಆತುರ ಬೇಡ. ಶನಿವಾರ ಕಾಂಡಾ ಕಡೆ ಕಾರ್ಡ್ ಅಂಗಡಿಗೆ ಹೋಗುತ್ತಿದ್ದೇನೆ. ಅಲ್ಲಿ ತಂಡದ ಪ್ರಕಾರ ಡಬ್ಬಿಗಳಿರುತ್ತವೆ. ಬೇಸ್ಟಾರ್ಸ್ ಡಬ್ಬಿ ಪೂರ್ತಿ ನೋಡಿ ಬೆಲೆ ಹೇಳುತ್ತೇನೆ. ಅದೇ ಕಾರ್ಡ್ ಮೆರ್ಕಾರಿಯಲ್ಲಿ ಎಷ್ಟಕ್ಕೆ ಮಾರಾಟವಾಗಿದೆ ಅಂತ ನೀವು ನೋಡಿಡಿ. ಮಾರಾಟವಾದ ಬೆಲೆ ನೋಡಿ, ಕೇಳುತ್ತಿರುವ ಬೆಲೆ ಅಲ್ಲ. ಯಾವುದು ಕಡಿಮೆಯೋ ಅದನ್ನು ತೆಗೆದುಕೊಳ್ಳೋಣ. ಅಂಗಡಿಯದಾದರೆ ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ನಾನೇ ತರುತ್ತೇನೆ, ಅಂಚೆ ಖರ್ಚು ಉಳಿಯುತ್ತದೆ.